ಜನ ಕಡಿಮೆ, ಮನೆ ಇನ್ನೂ ಕಡಿಮೆ

(ನಮ್ಮ ಕನ್ನಡ ಪ್ರಸಾರದಲ್ಲಿ ಓದಿದ ಭಾಷಣದ ಬರಹರೂಪ)



ಇವತ್ತು ನಿಮ್ಮನ್ನು ಒಂದು ಸಣ್ಣ ಊರಿಗೆ ಕರೆದುಕೊಂಡು ಹೋಗುತ್ತೇನೆ. ಊರು ಇರುವುದು ಆಸ್ಟ್ರೇಲಿಯದಲ್ಲಿ. ಹೆಸರು ನಿಲ್. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು 'ಎಚ್' ಅಕ್ಷರ ಸೇರಿಸುತ್ತಾರೆ. ಬಾಯಲ್ಲಿ ಹೇಳುವುದು ಮಾತ್ರ ನಿಲ್ ಎಂದೇ. ಇಂಗ್ಲಿಷ್ ಬಲ್ಲವರಿಗೆ ಈ ಹೆಸರು ಕೇಳಿದೊಡನೆ ಸೊನ್ನೆ ನೆನಪಾಗುತ್ತದೆ. ನಮಗೆ ಕನ್ನಡದವರಿಗೆ ನೆನಪಾಗುವುದು ಬೇರೆ. 'ನಿಲ್ಲು' ಎಂಬ ನಮ್ಮ ಮಾತಿನ ಧಾತುವೇ 'ನಿಲ್'. ನಿಜದಲ್ಲಿ ಈ ಹೆಸರು ಬಂದದ್ದು ಅಲ್ಲಿನ ಮೂಲನಿವಾಸಿಗಳ ಭಾಷೆಯಿಂದ. ನೀರಿನ ಮೇಲೆ ಏಳುವ ಬಿಳಿ ಮಂಜು ಎಂದು ಅದರ ಅರ್ಥ ಹೇಳುತ್ತಾರೆ. ಇಂಗ್ಲಿಷಿನ ಸೊನ್ನೆಗೂ ಕನ್ನಡದ ಧಾತುವಿಗೂ ಆ ಹೆಸರಿಗೂ ಯಾವ ನಂಟೂ ಇಲ್ಲ. ಆದರೂ ಈ ಊರಿನ ಕಳೆದ ಕೆಲವು ದಶಕಗಳ ಕಥೆ, ಸೊನ್ನೆಯ ಕಡೆಗೆ ಜಾರುತ್ತಿದ್ದ ಊರೊಂದು ನಿಲ್ಲಲು ಹೆಣಗಿದ ಕಥೆ.

ನಿಲ್ ಇರುವುದು ವಿಕ್ಟೋರಿಯ ರಾಜ್ಯದ ಪಶ್ಚಿಮ ಭಾಗದಲ್ಲಿ, ವಿಮ್ಮೆರ ಎಂಬ ಗೋಧಿಯ ಸೀಮೆಯಲ್ಲಿ. ಮೆಲ್ಬರ್ನ್ ನಗರದಿಂದ ಅಡಿಲೇಡ್ ನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಅರ್ಧ ದಾರಿಗೆ ಈ ಊರು ಸಿಗುತ್ತದೆ. ಮೆಲ್ಬರ್ನಿನಿಂದ ಸುಮಾರು 375 ಕಿಲೋಮೀಟರ್. ಊರಿನ ಜನ ಎರಡು ಸಾವಿರದ ಅತ್ತಿತ್ತ. ಹಿಂಡ್‌ಮಾರ್ಷ್ ಎಂಬ ಆಡಳಿತ ವಲಯಕ್ಕೆ ನಿಲ್ ಕೇಂದ್ರ. ನಮ್ಮ ತಾಲೂಕಿನ ಹಾಗೆ ಎಂದುಕೊಳ್ಳಿ, ಅಲ್ಲಿ ಅದನ್ನು ಶೈರ್ ಎನ್ನುತ್ತಾರೆ. ನಿಲ್, ಡಿಂಬೂಲ, ಜೆಪರಿಟ್, ರೇನ್‌ಬೋ ಎಂಬ ನಾಲ್ಕು ಊರುಗಳೂ ಅವುಗಳ ನಡುವಿನ ಹೊಲಗಳೂ ಸೇರಿ ಈ ಶೈರ್. ವಿಸ್ತೀರ್ಣ ಸುಮಾರು 7,500 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದವರು 5,698 ಜನ. ಅಂದರೆ ಚದರ ಕಿಲೋಮೀಟರಿಗೆ ಒಬ್ಬ ಮನುಷ್ಯನೂ ಪೂರ್ತಿ ಇಲ್ಲ.

ಮುಂಬೈಯಲ್ಲಿ ಕೂತು ಈ ಅಂಕಿ ಕೇಳಿದರೆ ನಂಬುವುದು ಕಷ್ಟ. ಬೆಳಗಿನ ಹೊತ್ತು ಚರ್ಚ್‌ಗೇಟಿಗೋ ಸಿಎಸ್‌ಎಂಟಿಗೋ ಬರುವ ಹನ್ನೆರಡು ಡಬ್ಬಿಯ ಒಂದು ಲೋಕಲ್ ರೈಲನ್ನು ನೆನೆಸಿಕೊಳ್ಳಿ. ನಿಲ್ ಊರಿನ ಅಷ್ಟೂ ಜನ ಅದರಲ್ಲಿ ಆರಾಮಾಗಿ ಕೂತು, ನಿಂತು ಬಂದಾರು. ಇಡೀ ಶೈರಿನ ಜನವನ್ನು ಹತ್ತಿಸಿದರೆ ನಮ್ಮ ದಿನನಿತ್ಯದ ನೂಕುನುಗ್ಗಲು ಆಗುತ್ತದೆ, ಅಷ್ಟೇ. ಜನಸಂಖ್ಯೆ ಎಂದರೆ ಏರುವುದು, ಮನೆ ಎಂದರೆ ಸಿಗದಿರುವುದು ಎಂದು ನಾವು ಕಲಿತುಬಿಟ್ಟಿದ್ದೇವೆ. ಜನ ಇಳಿಯುತ್ತಿರುವ ಊರಿನಲ್ಲಿ ಮನೆಗಳು ಬೇಕಾದಷ್ಟು ಇರಬೇಕು ಎಂಬುದು ನಮ್ಮ ಲೆಕ್ಕ. ಆದರೆ ನಿಲ್‌ನಲ್ಲಿ ಜನವೂ ಕಡಿಮೆ, ಕೆಲಸಕ್ಕೆಂದು ಬಂದವರಿಗೆ ಮನೆಯೂ ಕಡಿಮೆ. ಇದು ಹೇಗೆ ಎಂಬುದೇ ಇಂದಿನ ಮಾತು.

ಮೊದಲು, ಜನ ಕಡಿಮೆಯಾದದ್ದು ಹೇಗೆ ಎಂದು ನೋಡೋಣ.

ಈ ನೆಲ ಮೂಲದಲ್ಲಿ ವೊಟ್ಜೊಬಾಲುಕ್ ಮತ್ತು ಅವರ ನೆರೆಯ ಮೂಲನಿವಾಸಿ ಜನರದು. 2005ರ ಡಿಸೆಂಬರಿನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ವಿಮ್ಮೆರ ಸೀಮೆಯ ಒಂದು ಭಾಗದ ಮೇಲೆ ಅವರ ಪಾರಂಪರಿಕ ಹಕ್ಕನ್ನು ಒಪ್ಪಿಕೊಂಡಿತು. ಯುರೋಪಿನಿಂದ ಬಂದವರು ಇಲ್ಲಿ ಗೋಧಿ ಬಿತ್ತಲು ನೆಲೆಯೂರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. 1887ರ ಜನವರಿಯಲ್ಲಿ ಮೆಲ್ಬರ್ನ್ ಮತ್ತು ಅಡಿಲೇಡ್ ನಡುವಿನ ರೈಲು ದಾರಿ ಈ ಕಡೆಯಿಂದಲೇ ಕೂಡಿಕೊಂಡಿತು. ಗೋಧಿಗೆ ಹೊರ ಮಾರುಕಟ್ಟೆ ತೆರೆಯಿತು. ಹಿಟ್ಟಿನ ಗಿರಣಿ ಬಂತು, ಕಾಂಕ್ರೀಟಿನ ದೊಡ್ಡ ಕಣಜ ಬಂತು, ಬ್ಯಾಂಕು, ಶಾಲೆ, ಚರ್ಚು, ಹೋಟೆಲು ಎಲ್ಲವೂ ಬಂದವು.

ಆಗಿನ ಬೇಸಾಯಕ್ಕೆ ಕೈಗಳು ಬೇಕಿದ್ದವು. ಕೈಗಳಿದ್ದಲ್ಲಿ ಕುಟುಂಬ, ಕುಟುಂಬವಿದ್ದಲ್ಲಿ ಊರು. ಆದರೆ ಅದೇ ವಿಕ್ಟೋರಿಯದಲ್ಲಿ 1880ರ ದಶಕದಲ್ಲಿ ಹ್ಯೂ ವಿಕ್ಟರ್ ಮೆಕ್ಕೇ ಎಂಬ ರೈತನ ಮಗ, ತೆನೆ ಕೊಯ್ದು, ಬಡಿದು, ತೂರಿ, ಕಾಳು ಬೇರೆ ಮಾಡುವ ಕೆಲಸವನ್ನು ಒಟ್ಟಿಗೇ ಮಾಡುವ ಯಂತ್ರ ಕಟ್ಟಿದ. ಆಮೇಲೆ ಟ್ರ್ಯಾಕ್ಟರ್ ಬಂತು, ದೊಡ್ಡ ಕೊಯ್ಲು ಯಂತ್ರಗಳು ಬಂದವು. ಹತ್ತು ಮನೆಯವರು ಮಾಡುತ್ತಿದ್ದ ಬೇಸಾಯವನ್ನು ಒಂದೇ ಮನೆಯವರು ಮಾಡುವಂತಾಯಿತು. ಯಂತ್ರದ ಸಾಲ ತೀರಬೇಕಾದರೆ ಹೊಲ ದೊಡ್ಡದಾಗಬೇಕು, ಹೊಲ ದೊಡ್ಡದಾಗಬೇಕಾದರೆ ಪಕ್ಕದವನದನ್ನು ಕೊಳ್ಳಬೇಕು. ಹೀಗೆ ಒಬ್ಬೊಬ್ಬರೇ ಮಾರಿ ಹೋದರು. ಗೋಧಿಯ ಫಸಲು ಕಡಿಮೆಯಾಗಲಿಲ್ಲ, ಬೆಳೆಯುವವರು ಕಡಿಮೆಯಾದರು. 1997ರಿಂದ 2009ರವರೆಗೆ ಆಗ್ನೇಯ ಆಸ್ಟ್ರೇಲಿಯವನ್ನು ಕಾಡಿದ ದೀರ್ಘ ಬರಗಾಲ ಉಳಿದವರಲ್ಲಿ ಕೆಲವರನ್ನು ಎಬ್ಬಿಸಿತು.

ಜನ ಹೋದ ಮೇಲೆ ಸೌಕರ್ಯಗಳೂ ಒಂದೊಂದಾಗಿ ಹೊರಡುತ್ತವೆ. ಇದಕ್ಕೆ ಒಂದು ಕ್ರಮವಿದೆ. ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಮೇಷ್ಟ್ರು ಹೆಚ್ಚಾಗುತ್ತಾರೆ. ಅವರ ವರ್ಗವಾದರೆ ಅವರ ಹೆಂಡತಿ ನರ್ಸ್ ಆಗಿದ್ದರೆ ಆಸ್ಪತ್ರೆಗೂ ಒಬ್ಬರು ಕಡಿಮೆ, ಅವರ ಮಕ್ಕಳು ಅದೇ ಶಾಲೆಯಲ್ಲಿದ್ದರೆ ಅಲ್ಲಿ ಇನ್ನಿಬ್ಬರು ಕಡಿಮೆ. ಬ್ಯಾಂಕು ಶಾಖೆ ಮುಚ್ಚಿದರೆ ಜನ ದುಡ್ಡು ತೆಗೆಯಲು ಪಕ್ಕದ ದೊಡ್ಡ ಊರಿಗೆ ಹೋಗುತ್ತಾರೆ. ಹೋದವರು ದಿನಸಿಯನ್ನೂ ಅಲ್ಲೇ ಕೊಂಡು ಬರುತ್ತಾರೆ. ಅಲ್ಲಿಗೆ ಊರಿನ ಅಂಗಡಿಗೂ ಕುತ್ತು. ಜನ ಇಲ್ಲವೆಂದು ಸೌಕರ್ಯ ತೆಗೆಯುವುದು, ಸೌಕರ್ಯ ಇಲ್ಲವೆಂದು ಜನ ಹೊರಡುವುದು. ಗಾಣದ ಎತ್ತಿನಂತೆ ಇದು ಒಂದೇ ಸುತ್ತು ಸುತ್ತುತ್ತದೆ.

ಆಡಳಿತವೂ ಹೀಗೆಯೇ ದೂರ ಸರಿಯಿತು. 1990ರ ದಶಕದ ನಡುವಿನಲ್ಲಿ ವಿಕ್ಟೋರಿಯ ಸರಕಾರ ರಾಜ್ಯದ 210 ಸ್ಥಳೀಯ ಕೌನ್ಸಿಲ್‌ಗಳನ್ನು ಒಂದಕ್ಕೊಂದು ಸೇರಿಸಿ 78ಕ್ಕೆ ಇಳಿಸಿತು. ಹಿಂಡ್‌ಮಾರ್ಷ್ ಶೈರ್ 1995ರಲ್ಲಿ ಹುಟ್ಟಿದ್ದು ಹಾಗೆಯೇ. ಕೌನ್ಸಿಲ್ ಕಚೇರಿ ನಿಲ್‌ನಲ್ಲಿ ಉಳಿದದ್ದು ಈ ಊರಿನ ಅದೃಷ್ಟ. ಕಚೇರಿ ಎಂದರೆ ಸಂಬಳ ಬರುವ ಕೆಲಸಗಳು, ಆ ಕೆಲಸಗಳ ಹಿಂದೆ ಮನೆಗಳು. ಕೌನ್ಸಿಲ್‌ಗೆ ಆದಾಯದ ಒಂದು ಮುಖ್ಯ ಮೂಲ ಆಸ್ತಿ ತೆರಿಗೆ. 2016ರಿಂದ ಆ ತೆರಿಗೆಯನ್ನು ವರ್ಷಕ್ಕೆ ಎಷ್ಟು ಏರಿಸಬಹುದು ಎಂಬುದಕ್ಕೆ ರಾಜ್ಯ ಸರಕಾರ ಮಿತಿ ಹಾಕಿದೆ. ನಗರದ ಕೌನ್ಸಿಲ್‌ಗೆ ಹೊಸ ಕಟ್ಟಡಗಳು ಎದ್ದು ತೆರಿಗೆ ತಾನಾಗಿ ಬೆಳೆಯುತ್ತದೆ. ಹಿಂಡ್‌ಮಾರ್ಷ್‌ನಂಥ ಕಡೆ ಹಾಗಾಗುವುದಿಲ್ಲ. ತೆರಿಗೆ ಕಟ್ಟುವವರು ಕಡಿಮೆಯಾದರೆಂದು ರಸ್ತೆ ಗಿಡ್ಡವಾಗುವುದೂ ಇಲ್ಲ. ಗೋಧಿ ತುಂಬಿದ ಲಾರಿ ಹೋಗುವ ರಸ್ತೆಯನ್ನು ಅಷ್ಟೇ ಉದ್ದಕ್ಕೆ, ಹಿಂದಿಗಿಂತ ಗಟ್ಟಿಯಾಗಿ ರಿಪೇರಿ ಮಾಡಲೇಬೇಕು. ಈಗಿನ ಲಾರಿಗಳು ಹಿಂದಿನವಕ್ಕಿಂತ ದೊಡ್ಡವು.

ಎಲ್ಲವೂ ಹೋಯಿತು ಎಂದು ಹೇಳಿದರೆ ಅದೂ ತಪ್ಪಾಗುತ್ತದೆ. ಈ ಸೀಮೆಗೆ ದೊಡ್ಡ ಹೂಡಿಕೆಗಳೂ ಬಂದಿವೆ. ನೂರು ವರ್ಷಕ್ಕೂ ಹೆಚ್ಚು ಕಾಲ ವಿಮ್ಮೆರ ಮತ್ತು ಅದರ ಉತ್ತರದ ಮ್ಯಾಲಿ ಪ್ರದೇಶಕ್ಕೆ ನೀರು ಹರಿಯುತ್ತಿದ್ದದ್ದು ತೆರೆದ ಮಣ್ಣಿನ ಕಾಲುವೆಗಳಲ್ಲಿ. ಬಿಟ್ಟ ನೀರಿನ ಹೆಚ್ಚಿನ ಪಾಲು ದಾರಿಯಲ್ಲೇ ಇಂಗಿ, ಬಿಸಿಲಿಗೆ ಆವಿಯಾಗಿ ಹೋಗುತ್ತಿತ್ತು. 2010ರಲ್ಲಿ ಮುಗಿದ ವಿಮ್ಮೆರ–ಮ್ಯಾಲಿ ಕೊಳವೆ ಯೋಜನೆ ಹದಿನೇಳು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕಾಲುವೆಗಳ ಬದಲಿಗೆ ಸುಮಾರು ಒಂಬತ್ತು ಸಾವಿರ ಕಿಲೋಮೀಟರ್ ಕೊಳವೆ ಹಾಕಿತು. ನಿಲ್‌ನಲ್ಲಿ ಆಸ್ಪತ್ರೆಯಿದೆ, ವೆಸ್ಟ್ ವಿಮ್ಮೆರ ಆರೋಗ್ಯ ಸೇವೆಯ ಮುಖ್ಯ ಕೇಂದ್ರವೂ ಅಲ್ಲೇ. ರೈಲಿನ ವಿಷಯ ಮಾತ್ರ ಸಪ್ಪೆ. ಮೆಲ್ಬರ್ನ್–ಅಡಿಲೇಡ್ ನಡುವೆ ಓಡುವ 'ಓವರ್‌ಲ್ಯಾಂಡ್' ಪ್ರಯಾಣಿಕರ ರೈಲು ನಿಲ್‌ನಲ್ಲಿ ನಿಲ್ಲುತ್ತದೆ. ಒಂದೊಂದು ದಿಕ್ಕಿಗೆ ವಾರದಲ್ಲಿ ಎರಡೇ ದಿನ. ಮೂರು ನಿಮಿಷ ತಡವಾದರೆ ಗೊಣಗುವ ನಮಗೆ ಇದನ್ನು ಕೇಳಿ ಸ್ವಲ್ಪ ಸಮಾಧಾನವಾಗಬಹುದು.

ಈಗ 2010ಕ್ಕೆ ಬರೋಣ. ನಿಲ್‌ನಲ್ಲಿ ಲವ್-ಎ-ಡಕ್ ಎಂಬ ಕಂಪನಿಯಿದೆ. ಬಾತುಕೋಳಿ ಸಾಕಿ, ಮಾಂಸ ಸಿದ್ಧಮಾಡಿ, ದೇಶದ ಹೋಟೆಲುಗಳಿಗೂ ಅಂಗಡಿಗಳಿಗೂ ಕಳಿಸುವುದು ಅದರ ವ್ಯವಹಾರ. ಕಂಪನಿಗೆ ಬೇಡಿಕೆ ಹೆಚ್ಚುತ್ತಿತ್ತು. ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ. ಊರಿನ ಹುಡುಗರು ಓದಿಗೆಂದು ನಗರಕ್ಕೆ ಹೋದವರು ತಿರುಗಿ ಬರುತ್ತಿರಲಿಲ್ಲ. ಉಳಿದವರಿಗೆ ಆಗಲೇ ಕೆಲಸವಿತ್ತು. ಹೀಗಾದರೆ ಕಾರ್ಖಾನೆಯೇ ಬೇರೆಡೆಗೆ ಹೋಗಬೇಕಾದೀತು. ಹೋದರೆ ಊರಿನ ದೊಡ್ಡ ಆಧಾರವೇ ಹೋದಂತೆ.

ಅದೇ ಹೊತ್ತಿಗೆ ಮೆಲ್ಬರ್ನಿನ ಪಶ್ಚಿಮ ಬಡಾವಣೆಗಳಲ್ಲಿ, ಮುಖ್ಯವಾಗಿ ವೆರಿಬೀಯಲ್ಲಿ, ಬರ್ಮಾ ಮೂಲದ ಕರೆನ್ ಜನ ಬಂದು ನೆಲೆಸಿದ್ದರು. ಬರ್ಮಾದ ಒಳಯುದ್ಧದಿಂದ ಓಡಿಬಂದು, ಥಾಯ್ಲೆಂಡ್ ಗಡಿಯ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ಆಸ್ಟ್ರೇಲಿಯಕ್ಕೆ ಬಂದವರು ಇವರು. ಮೂಲದಲ್ಲಿ ಬೆಟ್ಟದ ಊರುಗಳ ಬೇಸಾಯಗಾರರು. ನಗರದಲ್ಲಿ ಅವರಿಗೆ ಕೆಲಸ ಸಿಗುವುದು ಕಷ್ಟವಾಗಿತ್ತು, ಇಂಗ್ಲಿಷ್ ಬಾರದು. ನಿಲ್‌ನ ಕಂಪನಿಯವರು ಎಮ್ಸ್ ಎಂಬ ವಲಸಿಗರ ನೆರವಿನ ಸಂಸ್ಥೆಯ ಮೂಲಕ ಇವರನ್ನು ಸಂಪರ್ಕಿಸಿದರು. ಮೊದಲು ಬಂದವರು ಬೆರಳೆಣಿಕೆಯ ಜನ. ಅವರ ಸಂಸಾರಗಳು ಹಿಂದೆ ಬಂದವು. ಬಂದವರು ಸುದ್ದಿ ಹೇಳಿ ಇನ್ನಷ್ಟು ಜನ ಬಂದರು.

ಇದು ಬರೀ ಕೂಲಿಯಾಳು ತರಿಸಿದ ಕಥೆಯಾಗಿದ್ದರೆ ಇಷ್ಟು ಹೇಳುವ ಅಗತ್ಯವಿರಲಿಲ್ಲ. ಜನ ಬರುವುದಕ್ಕೆ ಮುಂಚೆಯೇ ಊರಿನವರಿಗೆ ಯಾರು ಬರುತ್ತಿದ್ದಾರೆ, ಯಾಕೆ ಬರುತ್ತಿದ್ದಾರೆ ಎಂದು ತಿಳಿಸಿ ಹೇಳಿದರು. ಬಾಡಿಗೆ ಮನೆ ಹುಡುಕಿಕೊಟ್ಟರು. ಕಾರು ಓಡಿಸಲು ಕಲಿಸಿದರು, ಏಕೆಂದರೆ ಅಲ್ಲಿ ಕಾರಿಲ್ಲದವನು ಕಾಲಿಲ್ಲದವನ ಹಾಗೆ. ನಿಲ್ ಕಲಿಕಾ ಕೇಂದ್ರದಲ್ಲಿ ಇಂಗ್ಲಿಷ್ ಪಾಠ ನಡೆಯಿತು. ಮುಂದೆ ಅದೇ ಊರಿನಲ್ಲಿ 'ಪಾ ಪೋ' ಎಂಬ ಹೆಸರಿನಲ್ಲಿ ಕರೆನ್ ಹೆಂಗಸರ ಹೊಲಿಗೆ ಮತ್ತು ಕೈಕೆಲಸದ ಉದ್ಯಮವೂ ಶುರುವಾಯಿತು.

2015ರಲ್ಲಿ ಎಮ್ಸ್ ಸಂಸ್ಥೆಯೂ ಡೆಲಾಯ್ಟ್ ಲೆಕ್ಕತಜ್ಞರೂ ಸೇರಿ ಒಂದು ವರದಿ ತಂದರು. ಐದು ವರ್ಷಗಳಲ್ಲಿ 160ಕ್ಕೂ ಹೆಚ್ಚು ಕರೆನ್ ಜನ ನಿಲ್‌ನಲ್ಲಿ ನೆಲೆಸಿದ್ದರು. ಪೂರ್ಣಾವಧಿ ಕೆಲಸಕ್ಕೆ ಲೆಕ್ಕ ಹಾಕಿದರೆ ಆ ಸೀಮೆಯಲ್ಲಿ 70 ಉದ್ಯೋಗಗಳು ಹೆಚ್ಚಾಗಿದ್ದವು. ಸ್ಥಳೀಯ ಆರ್ಥಿಕತೆಗೆ ಸೇರಿದ ಮೌಲ್ಯ ಸುಮಾರು 4 ಕೋಟಿ 15 ಲಕ್ಷ ಡಾಲರ್ ಎಂದು ಆ ವರದಿ ಅಂದಾಜು ಮಾಡಿತು. ಈ ವರದಿ ಆಸ್ಟ್ರೇಲಿಯದಾದ್ಯಂತ ಚರ್ಚೆಯಾಯಿತು. ಸಣ್ಣ ಊರುಗಳನ್ನು ಉಳಿಸುವ ದಾರಿ ಸಿಕ್ಕಿತು ಎಂದು ಅನೇಕರು ಹೇಳಿದರು.

ಆದರೆ ಜನಗಣತಿಯ ಪುಸ್ತಕ ತೆರೆದು ನೋಡಿದರೆ ಏನು ಕಾಣುತ್ತದೆ? ಹಿಂಡ್‌ಮಾರ್ಷ್ ಶೈರಿನಲ್ಲಿ 2011ರಲ್ಲಿ ಸುಮಾರು 5,800 ಜನ. 2016ರಲ್ಲಿ 5,721. 2021ರಲ್ಲಿ 5,698. ಇಷ್ಟೆಲ್ಲ ಆದ ಮೇಲೂ ಸಂಖ್ಯೆ ಏರಲಿಲ್ಲ. ಹಾಗಾದರೆ ಪ್ರಯತ್ನ ಸೋತಿತೇ? ನನಗೆ ಹಾಗೆನಿಸುವುದಿಲ್ಲ. ವಯಸ್ಸಾದವರು ಹೆಚ್ಚಿರುವ ಸೀಮೆಯಲ್ಲಿ ಪ್ರತಿವರ್ಷ ಹುಟ್ಟುವವರಿಗಿಂತ ತೀರಿಕೊಳ್ಳುವವರು ಹೆಚ್ಚು. ಹರೆಯದವರು ಓದಿಗೆ ಹೊರಡುವುದು ನಿಂತಿಲ್ಲ. ಈ ಎರಡು ಸೋರಿಕೆಯ ನಡುವೆ ಐದು ವರ್ಷದಲ್ಲಿ ಬರೀ 23 ಜನ ಕಡಿಮೆಯಾಗುವುದೆಂದರೆ ಪಾತ್ರೆಗೆ ಇನ್ನೊಂದು ಕಡೆಯಿಂದ ಯಾರೋ ನೀರು ಹೊಯ್ಯುತ್ತಿದ್ದಾರೆ ಎಂದೇ ಅರ್ಥ. ಒಟ್ಟು ಸಂಖ್ಯೆಗಿಂತ ಯಾರು ಎಂಬುದೂ ಮುಖ್ಯ. ಎಂಬತ್ತು ವರ್ಷದ ಒಬ್ಬರು ಹೋಗಿ ಆರು ವರ್ಷದ ಒಬ್ಬ ಹುಡುಗ ಬಂದರೆ ಜನಗಣತಿಯಲ್ಲಿ ವ್ಯತ್ಯಾಸವಿಲ್ಲ, ಶಾಲೆಯ ಹಾಜರಿ ಪುಸ್ತಕದಲ್ಲಿ ಬಹಳ ವ್ಯತ್ಯಾಸವಿದೆ.

ಇನ್ನು ಮನೆಯ ಪ್ರಶ್ನೆ. ಜನ ಏರಲಿಲ್ಲ ಎಂದ ಮೇಲೆ ಮನೆ ಯಾಕೆ ಸಾಲದು?

ಮೊದಲ ಕಾರಣ ಸಾಧಾರಣ ಗಣಿತ. 1911ರಲ್ಲಿ ಆಸ್ಟ್ರೇಲಿಯದ ಒಂದು ಮನೆಯಲ್ಲಿ ಸರಾಸರಿ ನಾಲ್ಕೂವರೆ ಜನ ಇರುತ್ತಿದ್ದರು. 2021ರ ಹೊತ್ತಿಗೆ ಅದು ಎರಡೂವರೆಗೆ ಇಳಿದಿತ್ತು. ಎರಡು ಸಾವಿರ ಜನರ ಒಂದು ಊರನ್ನು ಇಟ್ಟುಕೊಳ್ಳಿ. ಮನೆಗೆ ನಾಲ್ಕೂವರೆ ಜನರಂತೆ ಆ ಊರಿಗೆ ಸುಮಾರು 445 ಮನೆ ಸಾಕು. ಮನೆಗೆ ಎರಡೂವರೆ ಜನರಂತೆ 800 ಮನೆ ಬೇಕು. ಒಬ್ಬ ಮನುಷ್ಯನೂ ಹೆಚ್ಚಾಗದೆ, ಮನೆಯ ಅಗತ್ಯ ಹೆಚ್ಚುಕಡಿಮೆ ದುಪ್ಪಟ್ಟಾಯಿತು.

ಎರಡನೆಯ ಕಾರಣ, ಇರುವ ಮನೆಯಲ್ಲಿ ಯಾರಿದ್ದಾರೆ ಎಂಬುದು. ಮೂರು ಕೋಣೆಯ ಹಳೆಯ ಮನೆ, ಸುತ್ತ ದೊಡ್ಡ ಅಂಗಳ, ಒಳಗೆ ಒಬ್ಬರೇ ಅಜ್ಜಿ. ಮಕ್ಕಳು ಮೆಲ್ಬರ್ನಿನಲ್ಲೋ ಅಡಿಲೇಡಿನಲ್ಲೋ. ಅಜ್ಜಿಗೂ ಆ ಮನೆ ನೋಡಿಕೊಳ್ಳುವುದು ಕಷ್ಟ. ಆಸ್ಪತ್ರೆಗೆ ಹತ್ತಿರ, ಮೆಟ್ಟಿಲಿಲ್ಲದ ಎರಡು ಕೋಣೆಯ ಸಣ್ಣ ಮನೆ ಸಿಕ್ಕಿದರೆ ಬದಲಾಯಿಸಿಕೊಂಡಾರು. ಅಂಥ ಮನೆಯನ್ನು ಯಾರೂ ಕಟ್ಟಿಲ್ಲ. ಊರು ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ. ಹಾಗಾಗಿ ಅಲ್ಲೇ ಇರುತ್ತಾರೆ. ಇಂಥ ಊರಿನಲ್ಲಿ ವಯಸ್ಸಾದವರಿಗೆ ಒಂದು ಸಣ್ಣ ಮನೆ ಕಟ್ಟಿದರೆ ಎರಡು ಸಂಸಾರಕ್ಕೆ ಜಾಗವಾಗುತ್ತದೆ. ಒಂದು ಅಜ್ಜಿಗೆ, ಇನ್ನೊಂದು ಅವರು ಬಿಟ್ಟುಕೊಟ್ಟ ಮನೆಗೆ ಬರುವ ಮಕ್ಕಳೊಂದಿಗರಿಗೆ.

ಮೂರನೆಯದು ಖಾಲಿ ಮನೆಗಳು. 2021ರ ಜನಗಣತಿಯ ರಾತ್ರಿ ಆಸ್ಟ್ರೇಲಿಯದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಯಾರೂ ಇರಲಿಲ್ಲ. ಹಳ್ಳಿಗಾಡಿನಲ್ಲಿ ಇವು ಕಣ್ಣಿಗೇ ಕಾಣುತ್ತವೆ. ಪಕ್ಕದ ಹೊಲ ಕೊಂಡವನಿಗೆ ಹೊಲ ಬೇಕಿತ್ತು, ಅದರಲ್ಲಿದ್ದ ಮನೆ ಬೇಕಿರಲಿಲ್ಲ. ಮನೆ ಹಾಗೇ ನಿಂತಿದೆ. ಊರೊಳಗಿನ ಕೆಲವು ಮನೆಗಳು ವಾರಸುದಾರರ ನಡುವೆ ಸಿಕ್ಕಿಕೊಂಡಿವೆ. ಮಾರಲು ಮನಸ್ಸಿಲ್ಲ, ಬಂದಿರಲು ಆಗುವುದಿಲ್ಲ, ಬಾಡಿಗೆಗೆ ಕೊಡಬೇಕಾದರೆ ರಿಪೇರಿಗೆ ದುಡ್ಡಿಲ್ಲ. ಊರಿನಲ್ಲಿ ಬೀಗ ಹಾಕಿದ ಮನೆಯಿರುವ ಕೇಳುಗರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಹಳೆಯ ಮನೆಗಳಿಗೆ ಇನ್ನೊಂದು ತೊಡಕು ಆಸ್ಬೆಸ್ಟಾಸ್. ಒಂದು ಕಾಲಕ್ಕೆ ಗೋಡೆಗೂ ಮಾಡಿಗೂ ಅದರ ಹಲಗೆಯನ್ನೇ ಬಳಸಿದ್ದರು. 2003ರ ಕೊನೆಗೆ ಅದನ್ನು ದೇಶದಲ್ಲಿ ಪೂರ್ತಿ ನಿಷೇಧಿಸಿದರು. ಅದನ್ನು ತೆಗೆಸಲು ನಿಯಮ ಬಿಗಿ, ಖರ್ಚು ಹೆಚ್ಚು.

ಈ ಖಾಲಿ ಮನೆಗಳನ್ನು ಬಳಸಿಕೊಂಡ ಒಂದು ಊರೂ ಇದೆ. ನ್ಯೂ ಸೌತ್ ವೇಲ್ಸ್ ರಾಜ್ಯದ ಕಮ್ನಾಕ್ ಎಂಬ ಹಳ್ಳಿಯವರು 2008ರಲ್ಲಿ ಒಂದು ಉಪಾಯ ಮಾಡಿದರು. ಶಾಲೆಗೆ ಮಕ್ಕಳು ಸಾಲದಾಗಿದ್ದರು, ಹೊಲಗಳಲ್ಲಿ ಮನೆಗಳು ಖಾಲಿಯಿದ್ದವು. ವಾರಕ್ಕೆ ಒಂದು ಡಾಲರ್ ಬಾಡಿಗೆಗೆ ಆ ಮನೆಗಳನ್ನು ಕೊಡುತ್ತೇವೆ, ಮನೆ ನೀವೇ ರಿಪೇರಿ ಮಾಡಿಕೊಳ್ಳಬೇಕು, ಮಕ್ಕಳಿರುವವರು ಬನ್ನಿ ಎಂದರು. ದೇಶದ ಉದ್ದಗಲದಿಂದ ಜನ ವಿಚಾರಿಸಿದರು, ಕೆಲವು ಸಂಸಾರಗಳು ಬಂದು ನೆಲೆಸಿದವು. ಉಪಾಯ ಸಣ್ಣದು. ಆದರೆ ಶಾಲೆಗೆ ಮಕ್ಕಳು ಬರಬೇಕಾದರೆ ಮೊದಲು ಮನೆ ಬೇಕು ಎಂಬುದನ್ನು ಅವರು ಸರಿಯಾಗಿ ಹಿಡಿದಿದ್ದರು.

ನಾಲ್ಕನೆಯ ಕಾರಣವೇ ಎಲ್ಲಕ್ಕಿಂತ ಗಟ್ಟಿ. ಹೊಸ ಮನೆ ಕಟ್ಟಬಾರದೇಕೆ ಎಂದು ನೀವು ಕೇಳಬಹುದು. ಜಾಗಕ್ಕೇನೂ ಬರವಿಲ್ಲವಲ್ಲ. ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಒಂದು ಮನೆ ಕಟ್ಟಲು ನಾಲ್ಕು ರೂಪಾಯಿ ತಗಲುತ್ತದೆ ಎಂದುಕೊಳ್ಳಿ. ಅದೇ ಊರಿನ ಮಾರುಕಟ್ಟೆಯಲ್ಲಿ ಆ ಮನೆಯ ಬೆಲೆ ಎರಡೂವರೆ ರೂಪಾಯಿ. ಕಟ್ಟಿ ಮುಗಿಸಿದ ದಿನವೇ ಒಂದೂವರೆ ರೂಪಾಯಿ ನಷ್ಟ. ಬ್ಯಾಂಕು ಸಾಲ ಕೊಡುವುದು ಖರ್ಚು ನೋಡಿ ಅಲ್ಲ, ಮಾರಿದರೆ ಎಷ್ಟು ಬರುತ್ತದೆ ಎಂದು ನೋಡಿ. ಅಂದಮೇಲೆ ಉಳಿದದ್ದನ್ನು ಕೈಯಿಂದ ಹಾಕಬೇಕು. ಗಾರೆಯವರು, ಬಡಗಿಗಳು, ಕೊಳಾಯಿ ಕೆಲಸದವರು ದೂರದ ಊರಿನಿಂದ ಬರಬೇಕು, ಅವರಿಗೂ ತಂಗಲು ಮನೆಯಿಲ್ಲ! ಹೊಸ ಬಡಾವಣೆ ಮಾಡಲು ಹೊರಟರೆ ರಸ್ತೆ, ಚರಂಡಿ, ನೀರು, ಕರೆಂಟು ಎಲ್ಲಕ್ಕೂ ಮುಂಚಿತವಾಗಿ ದುಡ್ಡು ಸುರಿಯಬೇಕು. ಸೈಟಿನ ಬೆಲೆ ಅಗ್ಗ, ಹಾಕಿದ ದುಡ್ಡು ಹುಟ್ಟುವುದಿಲ್ಲ. ಹಾಗಾಗಿ ಲಾಭಕ್ಕೆ ಕಟ್ಟುವ ಬಿಲ್ಡರ್ ಈ ಕಡೆ ತಲೆ ಹಾಕುವುದಿಲ್ಲ. ಮುಂಬೈಯಲ್ಲಿ ಬೆಲೆ ಹೆಚ್ಚಾಗಿ ಮನೆ ಸಿಗುವುದಿಲ್ಲ, ಅಲ್ಲಿ ಬೆಲೆ ಕಡಿಮೆಯಾಗಿ ಮನೆ ಸಿಗುವುದಿಲ್ಲ.

ಕ್ವೀನ್ಸ್‌ಲ್ಯಾಂಡ್ ರಾಜ್ಯದ ಒಳನಾಡಿನಲ್ಲಿ ಕ್ವಿಲ್ಪಿ ಎಂಬ ಊರಿದೆ, ಬ್ರಿಸ್ಬೇನಿನಿಂದ ಸುಮಾರು ಸಾವಿರ ಕಿಲೋಮೀಟರ್ ದೂರ. ಅಲ್ಲೂ ಕೆಲಸವಿತ್ತು, ಮನೆಯಿರಲಿಲ್ಲ. ಈ ನಷ್ಟದ ಲೆಕ್ಕವನ್ನು ಸ್ವಲ್ಪ ತುಂಬಿಕೊಡಲು ಅಲ್ಲಿನ ಕೌನ್ಸಿಲ್ 2021ರಲ್ಲಿ, ಮನೆ ಕಟ್ಟಿ ಊರಿನಲ್ಲೇ ಇರುವವರಿಗೆ 12,500 ಡಾಲರ್ ಕೊಡುತ್ತೇವೆ ಎಂದಿತು. ಸೈಟಿನ ಬೆಲೆಯೇ ಹೆಚ್ಚುಕಡಿಮೆ ಅಷ್ಟು, ಅಂದರೆ ಸೈಟು ಪುಕ್ಕಟೆ ಎಂದ ಹಾಗೆ. ಹೊರದೇಶಗಳಿಂದ ಕೂಡ ವಿಚಾರಣೆಗಳು ಬಂದವು.

ವಿಕ್ಟೋರಿಯ ಸರಕಾರವೂ ಸುಮ್ಮನೆ ಕೂತಿಲ್ಲ. 2020ರ ನವೆಂಬರಿನಲ್ಲಿ 530 ಕೋಟಿ ಡಾಲರಿನ ವಸತಿ ಯೋಜನೆ ಪ್ರಕಟಿಸಿ, ಅದರ ಕಾಲು ಭಾಗ ಮೆಲ್ಬರ್ನಿನ ಹೊರಗಿನ ಪ್ರದೇಶಗಳಿಗೆ ಎಂದಿತು. 2023ರ ಜುಲೈಯಲ್ಲಿ ಅದೇ ಸರಕಾರ 2026ರ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಸುವುದರಿಂದ ಹಿಂದೆ ಸರಿದದ್ದು ನಿಮಗೆ ನೆನಪಿರಬಹುದು. ಆಗ ಒಳನಾಡಿನ ಮನೆಗಳಿಗೆಂದು 100 ಕೋಟಿ ಡಾಲರಿನ ಬೇರೆ ನಿಧಿಯನ್ನು ಘೋಷಿಸಿತು, 1,300ಕ್ಕೂ ಹೆಚ್ಚು ಮನೆಗಳ ಮಾತು ಕೊಟ್ಟಿತು. ಇಂಥ ದುಡ್ಡು ಹೊರಟಾಗ ಬಲಾರಟ್, ಬೆಂಡಿಗೋದಂಥ ಒಳನಾಡಿನ ನಗರಗಳು ಮುಂದೆ ನಿಲ್ಲುತ್ತವೆ. ನಿಲ್‌ನಂಥ ಊರು ಸಾಲಿನ ಹಿಂದೆ. ಅಲ್ಲಿ ಬೇಕಾದದ್ದು ಸಾವಿರ ಮನೆಯಲ್ಲ. ಹತ್ತಿಪ್ಪತ್ತು ಮನೆ ಕೂಡ ಅಂಥ ಊರಿನ ದಿಕ್ಕು ಬದಲಾಯಿಸುತ್ತದೆ.

ನಮ್ಮ ಕೇಳುಗರಲ್ಲಿ ಕೆಲವರ ಮಕ್ಕಳು ಆಸ್ಟ್ರೇಲಿಯದಲ್ಲಿದ್ದಾರೆ, ಇನ್ನು ಕೆಲವರು ಹೊರಡುವ ತಯಾರಿಯಲ್ಲಿದ್ದಾರೆ. ಅವರಿಗೆ 491 ಎಂಬ ವೀಸಾದ ಸಂಖ್ಯೆ ಗೊತ್ತಿರುತ್ತದೆ. 2019ರ ನವೆಂಬರಿನಲ್ಲಿ ಬಂದ ಈ ವೀಸಾ ಪಡೆದವರು ಪ್ರಾದೇಶಿಕ ಭಾಗಗಳಲ್ಲಿ ಇದ್ದು ದುಡಿಯಬೇಕು, ಮೂರು ವರ್ಷ ಕಳೆದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಸಣ್ಣ ಊರುಗಳು ತುಂಬುತ್ತವೆ ಎಂದು ಕೇಳಲು ಚೆನ್ನಾಗಿದೆ. ಆದರೆ 'ಪ್ರಾದೇಶಿಕ' ಎಂದರೆ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದದ್ದೆಲ್ಲ. ಅಡಿಲೇಡ್, ಪರ್ತ್‌ಗಳಂಥ ಹತ್ತು ಲಕ್ಷಕ್ಕೂ ಮಿಕ್ಕಿದ ಜನರ ನಗರಗಳೂ ಅದರಲ್ಲೇ ಸೇರಿವೆ. ಕಾಗದದ ಮೇಲೆ ಅಡಿಲೇಡೂ ಒಂದೇ, ನಿಲ್ಲೂ ಒಂದೇ. ಕೆಲಸ, ಮನೆ, ದೇವಸ್ಥಾನ, ನಮ್ಮವರ ಸಂಘ ಇರುವ ನಗರವನ್ನು ಬಿಟ್ಟು ಬಾಡಿಗೆ ಮನೆಯೂ ಸಿಗದ ಊರಿಗೆ ಹೋಗು ಎಂದು ಯಾವ ಎಂಜಿನಿಯರನಿಗೆ ಹೇಳೋಣ? ಕರೆನ್ ಜನ ನಿಲ್‌ಗೆ ಹೋದದ್ದು ವೀಸಾದ ನಿಬಂಧನೆಯಿಂದಲ್ಲ. ಕೆಲಸ ಇತ್ತು, ಇರಲು ಮನೆ ಸಿಕ್ಕಿತು, ಜೊತೆಗೆ ನಾಲ್ಕು ಜನ ತಮ್ಮವರಿದ್ದರು.

ನಿಲ್‌ನ ಕಥೆಯಲ್ಲಿ ಆತಂಕಗಳೂ ಇವೆ, ಅವನ್ನು ಮುಚ್ಚಿಡಬಾರದು. ಒಂದೇ ಕಾರ್ಖಾನೆಯನ್ನು ನೆಚ್ಚಿದ ಊರು ಒಂಟಿ ಕಂಬದ ಚಪ್ಪರ. ಬಾತುಕೋಳಿ ಕೆಲಸ ತಣ್ಣಗಿನ ಕೋಣೆಯಲ್ಲಿ ದಿನವಿಡೀ ನಿಂತು ಮಾಡುವ ಕೆಲಸ. ಅಪ್ಪ ಅಮ್ಮ ಅದನ್ನು ಮಾಡಿದರು. ಇಲ್ಲಿನ ಶಾಲೆಯಲ್ಲಿ ಓದಿ, ಇಂಗ್ಲಿಷ್ ಕಲಿತ ಮಕ್ಕಳು ಅದೇ ಕೆಲಸಕ್ಕೆ ನಿಲ್ಲುತ್ತಾರೆಯೇ? ಅಥವಾ ನಿಲ್‌ನ ಬೇರೆ ಮಕ್ಕಳ ಹಾಗೆ ಅವರೂ ನಗರದ ಬಸ್ಸು ಹತ್ತುತ್ತಾರೆಯೇ? ಹತ್ತುವುದೂ ಅವರ ಹಕ್ಕೇ. ಊರನ್ನು ಉಳಿಸುವ ಹೊಣೆಯನ್ನು ಹೊಸದಾಗಿ ಬಂದವರ ಹೆಗಲಿಗೇ ಹೊರಿಸಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಬಂದವರಿಗೆ ಮನೆ ಕೊಡುವುದು, ಅವರ ಮಕ್ಕಳಿಗೆ ನರ್ಸಾಗಲು, ಮೇಷ್ಟ್ರಾಗಲು, ಕೌನ್ಸಿಲ್ ಕಚೇರಿಯಲ್ಲಿ ಗುಮಾಸ್ತರಾಗಲು ದಾರಿ ಮಾಡುವುದು ಸರಕಾರದ ಕೆಲಸ, ಊರಿನ ಕೆಲಸ.

ಹತ್ತು ವರ್ಷಕ್ಕೊಮ್ಮೆಯೋ ಐದು ವರ್ಷಕ್ಕೊಮ್ಮೆಯೋ ಗಣತಿಯವರು ಬಂದು ತಲೆ ಎಣಿಸುತ್ತಾರೆ. ಆ ಎಣಿಕೆ ನೋಡಿ ಶಾಲೆ ಬೇಕೋ ಬೇಡವೋ, ರೈಲು ಬೇಕೋ ಬೇಡವೋ ಎಂದು ಎಲ್ಲೋ ದೂರದ ಕಚೇರಿಯಲ್ಲಿ ತೀರ್ಮಾನ ಆಗುತ್ತದೆ. ನಿಲ್‌ನ ಅನುಭವ ಹೇಳುವುದು ಇಷ್ಟು: ತಲೆ ಎಣಿಸುವ ಜೊತೆಗೆ ಬಾಗಿಲನ್ನೂ ಎಣಿಸಿ. ಎಷ್ಟು ಬಾಗಿಲಿಗೆ ಬೀಗ ಬಿದ್ದಿದೆ, ಎಷ್ಟು ಬಾಗಿಲ ಹಿಂದೆ ಒಬ್ಬೊಬ್ಬರೇ ಇದ್ದಾರೆ, ಬಾಗಿಲು ತಟ್ಟಿ ಮನೆ ಸಿಗದೆ ಹಿಂತಿರುಗಿದವರು ಎಷ್ಟು ಮಂದಿ. ಮೊದಲ ಎರಡು ಲೆಕ್ಕವನ್ನಾದರೂ ಯಾರೋ ಬರೆದಿಡುತ್ತಾರೆ. ಹಿಂತಿರುಗಿದವರ ಲೆಕ್ಕ ಯಾವ ಗಣತಿಯಲ್ಲೂ ಬರುವುದಿಲ್ಲ. ಜನ ಬರುತ್ತಿಲ್ಲ ಎಂದು ನಾವು ಬರೆದುಕೊಳ್ಳುತ್ತೇವೆ.

ಮುಂದಿನ ಗಣತಿ ಆಸ್ಟ್ರೇಲಿಯದಲ್ಲಿ 2026ರ ಆಗಸ್ಟಿನದು. ಹಿಂಡ್‌ಮಾರ್ಷ್‌ನ ಸಾಲಿನಲ್ಲಿ ಯಾವ ಅಂಕಿ ಬಂದರೂ, ಐದಾರು ಸಾವಿರದ ಆಚೀಚೆಯ ಸಣ್ಣ ಅಂಕಿಯೇ ಬರುತ್ತದೆ. ದೊಡ್ಡ ಪುಸ್ತಕದಲ್ಲಿ ಅದು ಯಾರ ಕಣ್ಣಿಗೂ ಬೀಳದು. ನೀವು ಮಾತ್ರ ಆ ಊರಿನ ಹೆಸರನ್ನು ಕನ್ನಡದಲ್ಲಿ ಓದಿಕೊಳ್ಳಿ.